ಮೂಡಿಗೆರೆಯ ಸೈಕಲ್ ಶಾಪ್‌ನಲ್ಲಿ ಅಪ್ಪನ ಬುಲೆಟ್

ಹಾಸನ, ಬೇಲೂರು ದಾಟಿ ಚಾರ್ಮಾಡಿ ಘಾಟಿ ಇಳಿಯೋರಿಗೆ ಮೂಡಿಗೆರೆ ಅಂದ್ರೆ ಒಂದು ಕಾಫಿ ಸ್ಟಾಪ್. ಪುಸ್ತಕ ಓದೋರಿಗೆ ತೇಜಸ್ವಿಯವರ ಊರು. ನನಗೆ ಮಾತ್ರ ಈಗ ಅದು ಕಾಟರ್ ಪಿನ್ನಿನ ಊರು.

ಅಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಅವರ 1986ರ ಬುಲೆಟ್ ನನ್ನ ಪಾಲಿಗೆ ಬಂತು. ಸೆಲ್ಫ್ ಸ್ಟಾರ್ಟ್ ಇಲ್ಲದ ಗಾಡಿ. ಕೆಲಸ ಮಂಗಳೂರಲ್ಲಿ, ಹಾಗಾಗಿ ಬೇಲೂರಿನ ಮನೆಯಿಂದ ಅದನ್ನ ಓಡಿಸಿಕೊಂಡೇ ಹೊರಟೆ. ಮೂಡಿಗೆರೆಯಲ್ಲಿ ಕಾಫಿ ಕುಡಿದು ಕಿಕ್ ಹೊಡೆದರೆ ಕಿಕ್ಕರ್ ಮೊದಲು ಖಾಲಿ ಅಲ್ಲಾಡಿ, ಆಮೇಲೆ ಕಟಕ್ ಅಂತ ಕಚ್ಚಿಕೊಳ್ತಿತ್ತು. ಹತ್ತಿರದ ಗ್ಯಾರೇಜಿನ ಹುಡುಗ ನೋಡಿದವನೇ, ‘ವೆಲ್ಡಿಂಗ್ ಹೊಡೆಸಿಬಿಡಿ ಅಣ್ಣಾ, ಜನ್ಮದಲ್ಲಿ ಅಲ್ಲಾಡಲ್ಲ’ ಅಂದ.

ಅಪ್ಪನಿಗೆ ಫೋನ್ ಮಾಡಿದೆ. ‘ವೆಲ್ಡಿಂಗ್ ಮಾತ್ರ ಮುಟ್ಟಿಸಬೇಡ. ಹಳೇ ಸೈಕಲ್ ಶಾಪ್ ಎಲ್ಲಿದೆ ನೋಡು’ ಅಂದರು.

ಬುಲೆಟ್ಟಿಗೆ ಸೈಕಲ್ ಶಾಪಾ? ಆದರೆ ಕಾರಣ ಇದೆ. ಹಳೇ ಬುಲೆಟ್ಟಿನ ಕಿಕ್ಕರನ್ನ ಶಾಫ್ಟಿಗೆ ಹಿಡಿದಿಡೋದು ಕಾಟರ್ ಪಿನ್. ಹಳೇ ಸೈಕಲ್ಲಿನ ಪೆಡಲ್ ಕ್ರ್ಯಾಂಕಿಗೆ ಇರುತ್ತಲ್ಲ, ಅದೇ ಜಾತಿ. ಪಿನ್ನಿನ ಒಂದು ಪಕ್ಕ ಓರೆಯಾಗಿ ಚಪ್ಪಟೆ. ಅದು ಶಾಫ್ಟಿನಲ್ಲಿ ಕೊರೆದ ಜಾಗಕ್ಕೆ ಬೆಣೆಯ ಹಾಗೆ ಕೂರುತ್ತೆ. ಬೆಣೆ ಸಡಿಲವಾದರೆ ಪ್ರತಿ ಕಿಕ್ಕಿಗೂ ಪಿನ್ ಸವೆಯುತ್ತೆ. ಸುಮ್ಮನೆ ಬಿಟ್ಟರೆ ಶಾಫ್ಟೂ ಸವೆಯುತ್ತೆ. ಪಿನ್ ಅಗ್ಗ, ಶಾಫ್ಟ್ ಅಲ್ಲ. ವೆಲ್ಡಿಂಗ್ ಮಾಡಿಸಿದರೋ, ನಾಳೆ ಒಳಗಿನ ಕಿಕ್ಕರ್ ಸ್ಪ್ರಿಂಗ್ ಮುರಿದರೆ ಗೇರ್‌ಬಾಕ್ಸಿನ ಹೊರಗಿನ ಕವರ್ ಬಿಚ್ಚೋಕೇ ಆಗಲ್ಲ. ಕಿಕ್ಕರ್ ಕಳಚದೆ ಆ ಕವರ್ ಈಚೆ ಬರಲ್ಲ.

ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಒಂದು ಶಾಪ್ ಸಿಕ್ಕಿತು. ಕಾಕಾಗೆ ಎಪ್ಪತ್ತು ದಾಟಿರಬೇಕು. ಕಿಕ್ಕರ್ ಹಿಡಿದು ಎರಡು ಸಲ ಅಲ್ಲಾಡಿಸಿ, ‘ಎಂಥ ಮಾರಾಯ್ರೆ, ಇದಕ್ಕೆ ವೆಲ್ಡಿಂಗಾ!’ ಅಂದರು.

ನಟ್ ಪೂರ್ತಿ ಬಿಚ್ಚಲಿಲ್ಲ. ಮರೆ ತುದಿಗೆ ಸಮ ಬರುವಷ್ಟು ಸಡಿಲ ಮಾಡಿ, ಮೇಲೆ ಮರದ ತುಂಡಿಟ್ಟು ಹೊಡೆದರು. ಇಲ್ಲದಿದ್ದರೆ ಮರೆ ಚಪ್ಪಟೆಯಾಗುತ್ತಂತೆ. ಏಟಿನ ಹೊಡೆತ ಶಾಫ್ಟಿಗೆ ಹೋಗಬಾರದು ಅಂತ ಕಿಕ್ಕರ್ ಕೆಳಗೆ ಒಂದು ಭಾರದ ಸುತ್ತಿಗೆ ಒತ್ತಿ ಹಿಡಿಯೋ ಕೆಲಸ ನನಗೆ ಬಂತು. ಈಚೆ ಬಂದ ಪಿನ್ನಿನ ಮೈಮೇಲೆ ಉಗುರಿಗೆ ತಗಲುವಂಥ ಮೆಟ್ಟಿಲು. ಅವರ ಡಬ್ಬಿಯಲ್ಲಿದ್ದ ಸೈಕಲ್ ಪಿನ್ ಯಾವುದೂ ಇದಕ್ಕೆ ಆಗಲಿಲ್ಲ. ಹಾಗಾಗಿ ಅದನ್ನೇ ಅರದಿಂದ ಉಜ್ಜತೊಡಗಿದರು. ನಾಲ್ಕು ಎಳೆತ, ಚೈನಿನ ಕಪ್ಪು ಗ್ರೀಸ್ ಸವರಿ ಒಳಗೆ ಕೂರಿಸೋದು, ತೆಗೆದು ಗ್ರೀಸ್ ಎಲ್ಲಿ ಅಳಿಸಿದೆ ನೋಡೋದು, ಮತ್ತೆ ಉಜ್ಜೋದು. ಅರ್ಧ ಗಂಟೆ ಇದೇ. ಕೊನೆಗೆ ಇಡೀ ಚಪ್ಪಟೆ ಭಾಗದಲ್ಲಿ ಗ್ರೀಸ್ ಒಂದೇ ಸಮ ಅಳಿಸಿತ್ತು. ಉಜ್ಜಿದ್ದರಿಂದ ಪಿನ್ ಇನ್ನಷ್ಟು ಒಳಗೆ ಹೋಯ್ತು, ಆ ಕಡೆ ಮರೆ ಜಾಸ್ತಿ ಈಚೆ ಬಂತು. ಅದಕ್ಕೊಂದು ವಾಷರ್.

‘ಪಿನ್ ಕೂರಿಸೋದು ಸುತ್ತಿಗೆ. ನಟ್ ಬರೀ ಕಾವಲು. ನಟ್ಟಿನಿಂದ ಎಳೆದು ಕೂರಿಸಲಿಕ್ಕೆ ಹೋದರೆ ಮರೆ ಕಿತ್ತು ಬರ್ತದೆ’ ಅಂದರು ಕಾಕಾ. ‘ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಮತ್ತೆ ಒಂದು ಏಟು ಹಾಕಿ, ಟೈಟ್ ಮಾಡಿ. ಮಂಗಳೂರು ಮುಟ್ಟಿದ ಮೇಲೆ ಹೊಸ ಪಿನ್ನು.’

ಐವತ್ತು ರೂಪಾಯಿ ಕೇಳಿದರು. ನೂರು ಕೊಟ್ಟರೆ ಚಿಲ್ಲರೆ ವಾಪಸ್ ಕೊಟ್ಟೇ ಬಿಟ್ಟರು. ಕಲಿಯೋರು ಯಾರಾದ್ರೂ ಇದ್ದಾರಾ ಅಂತ ಕೇಳಿದೆ. ಗೋಡೆಗೆ ಒರಗಿಸಿದ್ದ ಗೇರ್ ಸೈಕಲ್ ತೋರಿಸಿ, ‘ಇದಕ್ಕೆ ಈ ಪಿನ್ನೇ ಇಲ್ಲವಲ್ಲ’ ಅಂದರು.

ಕೊಟ್ಟಿಗೆಹಾರದಲ್ಲಿ ಮಂಜು ಇಳಿದಿತ್ತು. ನೀರ್ ದೋಸೆಗೆ ಹೇಳಿ, ಗಾಡಿ ಪಕ್ಕ ಕೂತು ಒಂದು ಏಟು ಹಾಕಿದೆ. ನಟ್ ಕಾಲು ಸುತ್ತು ತಿರುಗಿತು. ಆಮೇಲೆ ಒಂದೇ ಕಿಕ್ಕಿಗೆ ಸ್ಟಾರ್ಟ್. ರಾತ್ರಿ ಮಂಗಳೂರು ಮುಟ್ಟಿ ಅಪ್ಪನಿಗೆ ಹೇಳಿದರೆ, ‘ಊಟ ಆಯ್ತಾ’ ಅಂತ ಕೂಡ ಕೇಳಲಿಲ್ಲ. ‘ಅರ ಹೊಸದಾ, ಹಳೇದಾ?’ ಅಂತ ಕೇಳಿದರು.