ಇನ್ನೊಬ್ಬರ ಪ್ರಬಂಧದ ಅಂಚಿನಲ್ಲಿ

ಜೊತೆಯಲ್ಲಿ ಓದುವವರ ಬರಹಕ್ಕೆ ಅಭಿಪ್ರಾಯ ಹೇಳಬೇಕೆಂದರೆ ನಮ್ಮ ತರಗತಿಗಳಲ್ಲಿ ಎರಡೇ ರೂಢಿ. ಒಂದು, ‘ಚೆನ್ನಾಗಿದೆ’ ಎಂದು ಹಾಳೆ ವಾಪಸು ಕೊಡುವುದು. ಇನ್ನೊಂದು, ಕೆಂಪು ಪೆನ್ನು ಹಿಡಿದು ಅಲ್ಪಪ್ರಾಣ ಮಹಾಪ್ರಾಣಗಳನ್ನೆಲ್ಲ ತಿದ್ದಿ, ಬರೆದವನು ತಲೆ ತಗ್ಗಿಸುವಂತೆ ಮಾಡುವುದು. ಮೊದಲನೆಯದರಲ್ಲಿ ಸ್ನೇಹ ಉಳಿಯುತ್ತದೆ, ಎರಡನೆಯದರಲ್ಲಿ ಕಾಗುಣಿತ ಸರಿಯಾಗುತ್ತದೆ. ಬರೆದವನು ಏನು ಹೇಳಲು ಹೊರಟಿದ್ದ ಎಂಬುದನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಕೆಲಸಕ್ಕೆ ಹೋಗುತ್ತಲೇ ಪತ್ರಿಕೋದ್ಯಮ ಎಂ.ಎ. ಸೇರಿದಾಗ ತರಗತಿಯಲ್ಲಿ ನಾನೇ ಹಿರಿಯಳು. ಸಿನಿಮಾ ಅಧ್ಯಯನದ ಮೇಷ್ಟ್ರು, ತಮ್ಮ ಕೈಗೆ ಬರುವ ಮುಂಚೆ ಪ್ರಬಂಧಗಳು ಅದಲುಬದಲಾಗಿ ಇನ್ನೊಬ್ಬರ ಕಣ್ಣಿಗೆ ಬೀಳಲೇಬೇಕು ಎಂದು ಪಟ್ಟು ಹಿಡಿಯುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಹಾವೇರಿ ಕಡೆಯ ಹುಡುಗನೊಬ್ಬನ ಬರಹ, ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ಮೇಲೆ. ನೀಟಾಗಿ ಪಿನ್ ಹೊಡೆದ ಆರು ಹಾಳೆ. “ಅಕ್ಕಾರ, ಹೆಂಗೈತಿ ಅಂತ ಖರೇ ಹೇಳ್ರಿ, ಮುಚ್ಚಿಡಬ್ಯಾಡ್ರಿ” ಎಂದು ಕೊಟ್ಟು ಹೋದ.

ಮೊದಲ ಎರಡು ಪುಟ ಮಾಹಿತಿಯೋ ಮಾಹಿತಿ. ಚಿತ್ರೀಕರಣ ಶುರುವಾದದ್ದು 1952ರಲ್ಲಿ, ಚಿತ್ರ ಬಂದದ್ದು 1955ರಲ್ಲಿ, 1956ರ ಕಾನ್ ಉತ್ಸವದಲ್ಲಿ ‘ಅತ್ಯುತ್ತಮ ಮಾನವೀಯ ದಾಖಲೆ’ ಎಂಬ ಪ್ರಶಸ್ತಿ. ಛಾಯಾಗ್ರಾಹಕ ಸುಬ್ರತ ಮಿತ್ರ ಅದಕ್ಕೂ ಮೊದಲು ಮೂವಿ ಕ್ಯಾಮೆರಾ ನಡೆಸಿದವರೇ ಅಲ್ಲ. ದುಡ್ಡು ಮುಗಿದಾಗ ರಾಯ್ ಹೆಂಡತಿಯ ಒಡವೆ ಅಡವಿಟ್ಟರು. ಕೊನೆಗೆ ಪಶ್ಚಿಮ ಬಂಗಾಳ ಸರಕಾರ ಹಣ ಕೊಟ್ಟಿತು. ಹೆಸರಿನಲ್ಲಿ ‘ಪಥ’ ಇದ್ದದ್ದರಿಂದ ಅದನ್ನು ರಸ್ತೆ ಸುಧಾರಣೆಯ ಲೆಕ್ಕಕ್ಕೆ ಬರೆದುಕೊಂಡರು ಎಂಬ ಪ್ರಸಿದ್ಧ ಕಥೆಯೂ ಇತ್ತು. ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇರಲಿಲ್ಲ. ಆದರೆ ಇಷ್ಟನ್ನೂ ಸಿನಿಮಾ ನೋಡದೆಯೇ ಬರೆಯಬಹುದಿತ್ತು.

ಮೂರನೇ ಪುಟದಿಂದ ವಿಶ್ಲೇಷಣೆ. ‘ಛಾಯಾಗ್ರಹಣ ಕಣ್ಣಿಗೆ ಹಬ್ಬ.’ ‘ಹಿನ್ನೆಲೆ ಸಂಗೀತ ಚಿತ್ರದ ಜೀವಾಳ.’ ‘ಬಡತನದ ಚಿತ್ರಣ ಮನೋಜ್ಞವಾಗಿ ಮೂಡಿಬಂದಿದೆ.’ ಶುಕ್ರವಾರ ಬಿಡುಗಡೆಯಾಗುವ ಯಾವ ಚಿತ್ರಕ್ಕಾದರೂ ಒಪ್ಪುವ ಮಾತುಗಳಿವು. ಹುಡುಗನನ್ನು ದೂರಿ ಫಲವಿಲ್ಲ. ಸಿನಿಮಾದ ಬಗ್ಗೆ ಕನ್ನಡದಲ್ಲಿ ಅವನು ಚಿಕ್ಕಂದಿನಿಂದ ಓದಿದ್ದೇ ಪುರವಣಿಯ ವಿಮರ್ಶೆಗಳನ್ನು. ಕಥೆಗೊಂದು ಸಾಲು, ನಟನೆಗೊಂದು ಸಾಲು, ಹಾಡಿಗೊಂದು ಸಾಲು, ಕೊನೆಗೆ ‘ಕುಟುಂಬ ಸಮೇತ ನೋಡಬಹುದು’. ಅದೇ ಅಚ್ಚಿನಲ್ಲಿ ಅವನು ರಾಯ್ ಚಿತ್ರವನ್ನೂ ಕೂರಿಸಿದ್ದ.

ಇಂಥ ಪ್ರಬಂಧಕ್ಕೆ ಹೊರಗಿನಿಂದ ಏನು ಹೇಳಿದರೂ ನಾಟುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಆಳವಾಗಿ ಬರೆ’ ಎಂದರೆ ಎಲ್ಲಿಂದ ಅಗೆಯಬೇಕು? ‘ಉದಾಹರಣೆ ಕೊಡು’ ಎಂದರೆ ಅದೇ ಮಾತಿನ ಕೆಳಗೆ ಎರಡು ದೃಶ್ಯಗಳ ಹೆಸರು ಸೇರಿಸಿ ತರುತ್ತಾನೆ. ಓದಿದವರು ಬರಹಗಾರನನ್ನು ಮತ್ತೆ ಪರದೆಯ ಮುಂದೆ ಕೂರಿಸಬೇಕು, ಅದಕ್ಕೂ ಮುಂಚೆ ತಾವೇ ಹೋಗಿ ಕೂರಬೇಕು. ಅವನ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರವನ್ನು ಇನ್ನೊಮ್ಮೆ ನೋಡಿದೆ.

‘ಹಿನ್ನೆಲೆ ಸಂಗೀತ ಚಿತ್ರದ ಜೀವಾಳ’ ಎಂಬ ಸಾಲಿನ ಪಕ್ಕದಲ್ಲಿ ಅವನು ತಂದೆ ಹರಿಹರ ತನ್ನ ಊರಿಗೆ ಮರಳುವ ದೃಶ್ಯವನ್ನು ಹೆಸರಿಸಿದ್ದ. ಮಗಳು ದುರ್ಗಾ ತೀರಿಕೊಂಡ ಸುದ್ದಿ ತಂದೆಗೆ ಗೊತ್ತಿಲ್ಲ. ತಂದ ಸಾಮಾನುಗಳನ್ನು ಒಂದೊಂದಾಗಿ ತೆಗೆದು ಹೆಂಡತಿಗೆ ತೋರಿಸುತ್ತಾನೆ, ದುರ್ಗಾಳಿಗೆಂದು ತಂದ ಸೀರೆಯನ್ನೂ. ಸರ್ವಜಯಾ ಆ ಸೀರೆಯನ್ನು ಬಾಯಿಗೊತ್ತಿಕೊಂಡು ಕುಸಿಯುತ್ತಾಳೆ. ಅವಳ ಬಾಯಿ ತೆರೆದಿದೆ, ಅಳುವಿನ ದನಿ ಇಲ್ಲ. ಆ ಜಾಗದಲ್ಲಿ ತಾರ್ ಶೆಹನಾಯಿಯ ಎತ್ತರದ ಸ್ವರ ಸೀಳಿಕೊಂಡು ಬರುತ್ತದೆ. ಸಂಗೀತ ಇಲ್ಲಿ ಹಿನ್ನೆಲೆಯಲ್ಲಿ ಉಳಿದೇ ಇಲ್ಲ, ತಾಯಿಯ ಗಂಟಲೊಳಗೆ ಬಂದು ಕೂತಿದೆ. ಇದನ್ನು ಹಾಗೇ ಬರೆದುಕೊಟ್ಟಿದ್ದರೆ ಅವನು ಸಂತೋಷದಿಂದ ಪ್ರಬಂಧಕ್ಕೆ ಸೇರಿಸಿಕೊಳ್ಳುತ್ತಿದ್ದ. ಅಕ್ಕ ಹೇಳಿದ್ದು ಎಂಬ ಗೌರವ ಬೇರೆ. ಅದಕ್ಕೇ ಬರೆಯಲಿಲ್ಲ. ಅಂಚಿನಲ್ಲಿ ಇಷ್ಟೇ ಹಾಕಿದೆ: ‘ಈ ದೃಶ್ಯವನ್ನು ಒಮ್ಮೆ ಸೌಂಡ್ ಬಂದ್ ಮಾಡಿ ನೋಡು. ಆಮೇಲೆ ಸೌಂಡ್ ಹಾಕು. ಅಮ್ಮ ಅತ್ತದ್ದು ನಿನಗೆ ಕೇಳಿಸಿತಾ?’

ಇನ್ನೊಬ್ಬರ ಬರಹದಲ್ಲಿ ನಮ್ಮ ವಾಕ್ಯ ನೆಡುವುದು ಸುಲಭ, ಅದರಲ್ಲಿ ಒಂದು ಬಗೆಯ ಹಿತವೂ ಇದೆ. ಆದರೆ ಹಾಗೆ ಮಾಡಿದರೆ ಮೇಷ್ಟ್ರ ಕೈಗೆ ಹೋಗುವುದು ಅವನ ಹೆಸರಿನ ಕೆಳಗೆ ನನ್ನ ಪ್ರಬಂಧ. ಮುಂದಿನ ಸಿನಿಮಾ ನೋಡುವಾಗ ಅವನ ಪಕ್ಕದಲ್ಲಿ ನಾನಿರುವುದಿಲ್ಲ.

ಐದನೇ ಪುಟದ ನಡುವೆ, ಎರಡು ದೊಡ್ಡ ಪ್ಯಾರಾಗಳ ಮಧ್ಯೆ ಅಡಗಿದಂತೆ ಒಂದು ಸಾಲಿತ್ತು: ‘ಅಪು ಸರವನ್ನು ಕೊಳಕ್ಕೆ ಎಸೆದು ಅಕ್ಕನ ಪಾಪವನ್ನು ತೊಳೆಯುತ್ತಾನೆ.’ ಉಳಿದೆಲ್ಲ ಕಡೆ ಎರವಲು ಮಾತು. ಇದೊಂದು ಮಾತ್ರ ಅವನೇ ಕಂಡು ಬರೆದದ್ದು. ನಾನು ಒಪ್ಪದಿದ್ದರೂ ಆರು ಹಾಳೆಗಳಲ್ಲಿ ಜೀವ ಇದ್ದದ್ದು ಅಲ್ಲಿಯೇ. ಅದರ ಕೆಳಗೆ ಗೆರೆ ಎಳೆದು, ‘ಪ್ರಬಂಧ ಇಲ್ಲಿಂದ ಶುರುವಾಗಬಹುದು’ ಎಂದು ಬರೆದೆ.

ಹೊಗಳಿಕೆಗೂ ವಿಳಾಸ ಬೇಕು. ‘ಚೆನ್ನಾಗಿದೆ’ ಎಂದರೆ ಯಾವುದು ಚೆನ್ನಾಗಿದೆ ಎಂದು ಬರೆದವನಿಗೆ ತಿಳಿಯುವುದಿಲ್ಲ. ಮುಂದಿನ ಸಲ ಅವನು ‘ಕಣ್ಣಿಗೆ ಹಬ್ಬ’ವನ್ನೇ ಮತ್ತೆ ಬರೆದರೂ ಬರೆದ. ಈ ಸಾಲು ನಿನ್ನದು, ಇಲ್ಲಿ ನೀನು ಕಾಣಿಸಿದೆ ಎಂದು ಬೆರಳಿಟ್ಟು ತೋರಿಸಬೇಕು.

ಮರುದಿನ ಕ್ಯಾಂಟೀನಿನಲ್ಲಿ ಅವನ ಫೋನಿನಲ್ಲೇ ಆ ದೃಶ್ಯ ಹಾಕಿಸಿದೆ. ಕುಟುಂಬ ಕಾಶಿಗೆ ಹೊರಟಿದೆ, ಗಂಟುಮೂಟೆ ಕಟ್ಟುತ್ತಿದ್ದಾರೆ. ಎತ್ತರದಲ್ಲಿದ್ದ ಚಿಪ್ಪೊಂದು ದುರ್ಗಾಳ ತಮ್ಮ ಅಪುವಿನ ಕೈಗೆ ಸಿಗುತ್ತದೆ, ಅದರೊಳಗಿಂದ ಮಣಿಸರ ಬೀಳುತ್ತದೆ. ಹಿಂದೊಮ್ಮೆ ನೆರೆಮನೆಯವರು ದುರ್ಗಾಳ ಮೇಲೆ ಕಳ್ಳತನ ಹೊರಿಸಿದ್ದು ಇದೇ ಸರಕ್ಕೆ. ತಾನು ತೆಗೆದಿಲ್ಲ ಎಂದಿದ್ದಳು, ತಾಯಿ ಕೂದಲು ಹಿಡಿದು ಎಳೆದು ಮನೆಯಿಂದ ಆಚೆ ತಳ್ಳಿದ್ದಳು. ಈಗ ಅಪು ಓಡಿಹೋಗಿ ಸರವನ್ನು ನೀರಿಗೆ ಎಸೆಯುತ್ತಾನೆ. ನೀರಿನ ಮೇಲೆ ಹಬ್ಬಿದ್ದ ಪಾಚಿ ಬಿರಿದು ಒಂದು ಕಪ್ಪು ತೂತಾಗುತ್ತದೆ. ಕ್ಯಾಮೆರಾ ಅಲ್ಲೇ ನಿಲ್ಲುತ್ತದೆ. ಪಾಚಿ ನಿಧಾನವಾಗಿ ಸರಿದು ಬಂದು ತೂತನ್ನು ಮುಚ್ಚಿಕೊಳ್ಳುತ್ತದೆ.

“ತೊಳೀತಾನೆ ಅಂತ ಬರೆದಿದ್ದೀಯಲ್ಲ, ನೀರನ್ನ ಇನ್ನೊಂದು ಸಲ ನೋಡು” ಎಂದೆ.

ಹಿಂದಕ್ಕೆ ಸರಿಸಿ ನೋಡಿದ. ಮತ್ತೆ ನೋಡಿದ. ಚಹಾ ಆರಿ ತಣ್ಣಗಾಯಿತು. ಆಮೇಲೆ ಹೇಳಿದ: “ತೊಳಿಯಂಗಿಲ್ರಿ ಅಕ್ಕಾರ, ಮುಚ್ಚತಾನ್ರಿ. ಅಕ್ಕ ತಗೊಂಡಿದ್ದು ಖರೇ ಅಂತ ಅವಂಗ ಈಗ ಗೊತ್ತಾತು. ಊರಿಗೆ ಗೊತ್ತಾಗಬಾರ್ದು, ಅವ್ವಗೂ ಗೊತ್ತಾಗಬಾರ್ದು. ಸತ್ತ ಮ್ಯಾಲೂ ಅಕ್ಕನ ಮಾತು ಸುಳ್ಳಾಗಬಾರ್ದು.”

ನನಗೆ ಪಾಚಿ ಮುಚ್ಚಿಕೊಂಡದ್ದಷ್ಟೇ ಕಂಡಿತ್ತು. ಅಕ್ಕನ ಮಾತನ್ನು ತಮ್ಮ ಕಾಯುತ್ತಿದ್ದಾನೆ ಎಂಬುದು ಹೊಳೆದಿರಲಿಲ್ಲ. “ಈಗ ಹೇಳಿದ್ದನ್ನ ಹಿಂಗೇ ಬರಿ” ಎಂದೆ. “ಇದು ಬರಿಯೋ ಮಾತೇನ್ರಿ?” ಎಂದು ಅನುಮಾನದಿಂದ ಕೇಳಿದ. ಪರೀಕ್ಷೆಯಲ್ಲಿ ಮಾರ್ಕ್ಸ್ ಬರುವುದು ‘ಮನೋಜ್ಞ’ಕ್ಕೆ, ಕ್ಯಾಂಟೀನಿನಲ್ಲಿ ಆಡಿದ ಮಾತಿಗೆ ಬರುವುದಿಲ್ಲ ಎಂದು ಅವನು ಶಾಲೆಯಿಂದಲೇ ಕಲಿತು ಬಂದಿದ್ದ.

ಸಿನಿಮಾದ ಬಗ್ಗೆ ನೇರವಾಗಿ ಮಾತಾಡುವುದು ನಮಗೆ ಹೊಸದೇನೂ ಅಲ್ಲ. ಎಪ್ಪತ್ತರ ದಶಕದ ಕೊನೆಯಲ್ಲೇ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ನೀನಾಸಮ್‌ನವರು ಹಳ್ಳಿಯ ಜನರ ಮುಂದೆ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ ಇಟ್ಟರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ರಸಗ್ರಹಣ ಶಿಬಿರಗಳಿಗೆ ಬಂದು ಕಲಿಸಿದರು. ‘ಪಥೇರ್ ಪಾಂಚಾಲಿ’ಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ತೋರಿಸುವುದರಲ್ಲಿ ಅವರು ಹೆಸರಾಗಿದ್ದವರು. ಏನು ಕಂಡಿರಿ ಎಂಬ ಪ್ರಶ್ನೆಯನ್ನು ಮೊದಲು ಕೇಳಿ, ಅದರ ಅರ್ಥವೇನು ಎಂಬುದನ್ನು ಆಮೇಲೆ ಕೇಳಿದರೆ ಅಡಿಕೆ ತೋಟದವರಿಗೂ ಕಾಲೇಜು ಹುಡುಗರಿಗೂ ಹೇಳಲು ಏನಾದರೂ ಇದ್ದೇ ಇರುತ್ತದೆ. ನಮ್ಮ ಪಠ್ಯಕ್ರಮ ಅರ್ಥವನ್ನೇ ಮೊದಲು ಕೇಳುತ್ತದೆ. ಹುಡುಗರು ಅರ್ಥವನ್ನು ಗೈಡಿನಿಂದ ತರುತ್ತಾರೆ.

ಸಹಪಾಠಿ ಮಾಡಬಹುದಾದ ಕೆಲಸ ಮೇಷ್ಟ್ರ ಕೈಯಲ್ಲಿ ಆಗುವುದಿಲ್ಲ ಎಂದು ನನಗನ್ನಿಸುವುದು ಈ ಕಾರಣಕ್ಕೆ. ಮೇಷ್ಟ್ರ ಮೇಜಿನ ಮೇಲೆ ಇಡೀ ತರಗತಿಯ ಕಟ್ಟು, ಅಂಕ ಬೇರೆ ಹಾಕಬೇಕು. ನನ್ನ ಕೈಯಲ್ಲಿದ್ದದ್ದು ಒಂದೇ ಪ್ರಬಂಧ, ಅಂಕ ಹಾಕುವ ಅಧಿಕಾರವಿಲ್ಲ. ಹಾಗಾಗಿಯೇ ಅವನು ನನ್ನೆದುರು ‘ಖರೇ ಅಂದ್ರ ನನಗ ಆ ಭಾಗ ತಿಳೀಲಿಲ್ರಿ’ ಎನ್ನಬಲ್ಲ. ಆ ಮಾತು ಹೊರಬಂದ ಮೇಲೆ ಉಳಿದದ್ದು ಸುಲಭ.

ವಾರ ಕಳೆದು ಪ್ರಬಂಧ ಮತ್ತೆ ಬಂತು. ಆರು ಹಾಳೆ ನಾಲ್ಕಾಗಿದ್ದವು. ‘ಕಣ್ಣಿಗೆ ಹಬ್ಬ’ ಹೋಗಿತ್ತು. ತಾಯಿಯ ಅಳುವನ್ನು ಅವನು ಸೌಂಡ್ ಇಲ್ಲದೆ ನೋಡಿದ್ದ, ಬರೆದಿದ್ದ. ಆದರೆ ನಾನು ಎಣಿಸಿದ್ದ ದಿಕ್ಕಿನಲ್ಲಿ ಅಲ್ಲ: ತಾಯಿಯ ದನಿ ಕೇಳಿಸದ್ದರಿಂದ ಪ್ರತಿಯೊಬ್ಬ ನೋಡುಗನೂ ತನಗೆ ಗೊತ್ತಿರುವ ಅಳುವನ್ನು ಅಲ್ಲಿ ಕೇಳಿಸಿಕೊಳ್ಳುತ್ತಾನೆ ಎಂದು ಅವನ ವಾದ. ಕೊಳದ ದೃಶ್ಯ ಮೊದಲ ಪುಟಕ್ಕೆ ಬಂದಿತ್ತು.

ರಸ್ತೆ ಸುಧಾರಣೆಯ ಕಥೆಯೊಂದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ವಿಶ್ಲೇಷಣೆಗೂ ಅದಕ್ಕೂ ಸಂಬಂಧವಿಲ್ಲ, ತೆಗೆದುಬಿಡು ಎಂದು ನಾನು ಮೊದಲೇ ಬರೆದಿದ್ದೆ. “ಇಲ್ರಿ ಅಕ್ಕಾರ, ಅದು ಇರ್ಲಿ. ಓದವ್ರು ಅಲ್ಲಿ ಒಂದೀಟು ನಗ್ತಾರ” ಎಂದ. ಈಗಲೂ ಅದು ಬೇಡವೆಂದೇ ನನ್ನ ಎಣಿಕೆ. ಕೊನೆಯ ಪುಟಕ್ಕಾದರೂ ತಳ್ಳು ಎಂದೆ. ಯೋಚಿಸಿ, ಮೂರನೇ ಪುಟಕ್ಕೆ ತಳ್ಳಿದ.