ಅಪ್ಪನ ಲೆಕ್ಕ

ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತದೆಂದು ಅಪ್ಪ ಕಂಪ್ಲಿಯಿಂದ ಹೊಸಪೇಟೆಗೆ ಬಂದ. ರಕ್ತದಲ್ಲಿ ಪಿಎಸ್‌ಎ 6.8. ಪ್ರಾಸ್ಟೇಟ್ ವಯಸ್ಸಿಗೆ ಊದಿಕೊಂಡರೂ ಅದು ಏರುತ್ತದೆ; ಆದರೆ ಬಯಾಪ್ಸಿಯಲ್ಲಿ ಗ್ಲೀಸನ್ 6 ಬಂತು, ನಿಧಾನದ ಕ್ಯಾನ್ಸರ್. ಸಂಡೂರಿನ ಮಾವ ಫೋನಿನಲ್ಲೇ, "ಕೂಡಲೇ ತೆಗೆಸಿಬಿಡ್ರಿ ಭಾವ" ಎಂದ.

ಹಂಪಿಯಲ್ಲಿ ಶಾಸನ ಓದುವ ನಾನು ಆ ರಾತ್ರಿ ಬ್ರಿಟನ್ನಿನ 'ಪ್ರೊಟೆಕ್ಟ್' ಅಧ್ಯಯನ ಓದಿದೆ. ಶಸ್ತ್ರಚಿಕಿತ್ಸೆ, ವಿಕಿರಣ, ಬರೀ ನಿಗಾ: ಯಾವ ಗುಂಪಿನಲ್ಲೂ 15 ವರ್ಷದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಇಬ್ಬರು-ಮೂವರು. ನಿಗಾದವರಲ್ಲಿ ರೋಗ ಹರಡಿದ್ದು ಹೆಚ್ಚುಕಮ್ಮಿ ಇಮ್ಮಡಿ. ಕೊಯ್ಸಿಕೊಂಡವರಲ್ಲಿ ಮೂತ್ರ ಸೋರುವುದು ಹೆಚ್ಚು. ಎರಡನ್ನೂ ಅಪ್ಪನಿಗೆ ಹೇಳಿದೆ.

"ಸೋರಿಕೊಂತ ಗದ್ದಿಗೆ ಹೆಂಗ ಹೋಗ್ಲಿ? ಕಾಯಾನು. ನೀ ತಾರೀಕು ಮರಿಬ್ಯಾಡ."

ಮುಂದಿನ ರಕ್ತಪರೀಕ್ಷೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅಪ್ಪ ಚೆನ್ನಾಗಿ ನಿದ್ದೆ ಮಾಡುತ್ತಾನೆ, ನಡುವೆ ಏಳುವುದು ಬಿಟ್ಟರೆ. ನನಗೇ ನಿದ್ದೆಯಿಲ್ಲ.