ಪಾಲಿಸಿ ಅಂದರೆ ಏನು ಎಂದು ಕೇಳಿದ್ದೆವು

ನಮ್ಮದು ಕರಾವಳಿಯ ಒಂದು ಸಣ್ಣ ಪಟ್ಟಣದ ವಿದ್ಯಾರ್ಥಿ ವೇತನ ಸಮಿತಿ. ಒಟ್ಟು ಏಳು ಮಂದಿ ಇದ್ದೇವೆ. ಇಬ್ಬರು ವ್ಯಾಪಾರಿಗಳು, ಇಬ್ಬರು ಗಲ್ಫ್‌ನಿಂದ ಮರಳಿದವರು, ಒಬ್ಬರು ನಿವೃತ್ತ ಅಧ್ಯಾಪಕರು, ಒಬ್ಬರು ವಕೀಲರು ಮತ್ತು ಮಸೀದಿಯ ಖತೀಬರು. ರಮಝಾನ್‌ನಲ್ಲಿ ಸಂಗ್ರಹವಾದ ಹಣವನ್ನು ಜೂನ್ ತಿಂಗಳಲ್ಲಿ ಹಂಚುತ್ತೇವೆ. ಮದ್ರಸದ ಮೇಲಿನ ಕೋಣೆಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಅಂಕಪಟ್ಟಿ ತೋರಿಸುತ್ತಾರೆ. ನಾಲ್ಕು ಪ್ರಶ್ನೆ ಕೇಳಿ, ನಾವು ನಮ್ಮೊಳಗೆ ಮಾತಾಡಿಕೊಂಡು ತೀರ್ಮಾನಿಸುತ್ತೇವೆ. ನಮ್ಮ ಅರ್ಜಿ ನಮೂನೆಯಲ್ಲಿ ಐದು ಚೌಕಗಳಿದ್ದವು: ವೈದ್ಯಕೀಯ, ಇಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್., ಇತರೆ.

2019ರ ಜೂನ್‌ನಲ್ಲಿ ಬಂದ ಒಬ್ಬಳು ಹುಡುಗಿ 'ಇತರೆ' ಎಂಬ ಚೌಕದಲ್ಲಿ ಗುರುತು ಹಾಕಿದ್ದಳು. ಸರಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ ಒಳ್ಳೆಯ ಅಂಕದಲ್ಲಿ ಬಿ.ಎ. ಮುಗಿಸಿದವಳು. ತಂದೆ ಬಸ್ ನಿಲ್ದಾಣದ ಹತ್ತಿರ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಾರೆ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪ್ರವೇಶ ಪರೀಕ್ಷೆ ಬರೆದು ಪಬ್ಲಿಕ್ ಪಾಲಿಸಿ, ಅಂದರೆ ಸಾರ್ವಜನಿಕ ನೀತಿ ವಿಷಯದ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಆಯ್ಕೆಯಾಗಿದ್ದಳು. ಶುಲ್ಕದಲ್ಲಿ ಒಂದು ಭಾಗವನ್ನು ಸಂಸ್ಥೆಯೇ ಮನ್ನಾ ಮಾಡಿತ್ತು. ಉಳಿದ ಭಾಗ ಮತ್ತು ಹಾಸ್ಟೆಲ್ ಖರ್ಚಿಗೆ ನಮ್ಮ ಬಳಿ ಬಂದಿದ್ದಳು. ಹಣ ಕಟ್ಟಲು ಹನ್ನೆರಡು ದಿನ ಬಾಕಿ ಇತ್ತು.

ನಮ್ಮಲ್ಲೊಬ್ಬರು ಕೇಳಿದರು, "ಪಾಲಿಸಿ ಅಂದರೆ ಎಲ್‌ಐಸಿಯಾ ಮಗಳೇ?"

ಎಲ್ಲರೂ ನಕ್ಕೆವು. ಅವಳೂ ನಕ್ಕಳು. ನಂತರ ಅವಳು ಬಿಡಿಸಿ ಹೇಳಲು ಪ್ರಯತ್ನಿಸಿದಳು. ತಂದೆಯ ಗಾಡಿಯನ್ನು ನಾಲ್ಕು ಬಾರಿ ಎತ್ತಿಕೊಂಡು ಹೋಗಿದ್ದಾರೆ, ಪ್ರತಿ ಬಾರಿಯೂ ದಂಡ ಕಟ್ಟಿ ಬಿಡಿಸಿಕೊಂಡು ಬಂದಿದ್ದೇವೆ ಎಂದಳು. ಆದರೆ 2014ರಲ್ಲಿಯೇ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ, ನಂತರವೂ ಎಬ್ಬಿಸಬೇಕಾದರೆ ಮೂವತ್ತು ದಿನಗಳ ನೋಟಿಸು ಕೊಡಬೇಕು, ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರು ಚುನಾವಣೆಯ ಮೂಲಕ ಬರಬೇಕು ಎಂದು ಅದರಲ್ಲಿದೆ. "ಕಾಯ್ದೆ ದಿಲ್ಲಿಯಲ್ಲಿ ಆಗಿದೆ, ನಮ್ಮ ಬಸ್ ನಿಲ್ದಾಣದ ತನಕ ಯಾಕೆ ಬಂದಿಲ್ಲ, ಅದನ್ನು ಓದಬೇಕು" ಎಂದಳು.

ನಮ್ಮಲ್ಲಿ ಯಾರಿಗೂ ಆ ಕಾಯ್ದೆಯ ವಿಷಯ ತಿಳಿದಿರಲಿಲ್ಲ. ವಕೀಲರಿಗೂ ಹೆಸರಷ್ಟೇ ಗೊತ್ತಿತ್ತು. "ಓದಿದರೆ ಕೆಲಸ ಏನು ಸಿಗುತ್ತದೆ?" ಎಂದು ಕೇಳಿದೆವು. ಅವಳ ಉತ್ತರ ನಮಗೆ ಅರ್ಥವಾಗಲಿಲ್ಲ. "ಬಿ.ಎಡ್. ಮಾಡು, ಪೂರ್ತಿ ಖರ್ಚು ಕೊಡುತ್ತೇವೆ" ಎಂದೆವು. ಅರ್ಜಿಯ ಮೇಲೆ 'ಮುಂದಿನ ವರ್ಷ ಪರಿಶೀಲಿಸುವುದು' ಎಂದು ಬರೆದೆವು. ಅದೇ ದಿನ ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹಣ ಮಂಜೂರು ಮಾಡಿದೆವು. ಅವರಿಗೆ ಕೊಟ್ಟದ್ದರಲ್ಲಿ ತಪ್ಪಿಲ್ಲ. ಇವಳಿಗೆ ಕೊಡದಿದ್ದುದರಲ್ಲಿ ತಪ್ಪಿತ್ತು.

ಹನ್ನೆರಡು ದಿನ ಕಳೆಯಿತು. ಸೀಟು ಹೋಯಿತು.

ಸಾರ್ವಜನಿಕ ನೀತಿ ಎಂದರೇನು ಎಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ರಾಜ್ಯದಲ್ಲಿಯೇ ಅಬ್ದುಲ್ ನಝೀರ್ ಸಾಬ್ ಇದ್ದರು. ಗುಂಡ್ಲುಪೇಟೆಯವರು, ಹೆಚ್ಚು ಶಾಲೆ ಕಂಡವರಲ್ಲ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವರಾಗಿ ಹಳ್ಳಿ ಹಳ್ಳಿಗೆ ಕೊಳವೆ ಬಾವಿ ಕೊರೆಸಿದರು. ಜನ ಪ್ರೀತಿಯಿಂದ 'ನೀರ್ ಸಾಬ್' ಎಂದು ಕರೆದರು. 1983ರ ಪಂಚಾಯತ್ ಕಾಯ್ದೆಯ ಹಿಂದೆ ಇದ್ದವರು ಅವರೇ. ಆ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗ ನಾಲ್ಕನೇ ಒಂದರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ಇಡೀ ದೇಶಕ್ಕೆ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದರ ನಂತರ. 1988ರಲ್ಲಿ ಅವರು ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಇಂದಿಗೂ ಅವರ ಹೆಸರಿದೆ. ನಝೀರ್ ಸಾಬರನ್ನು ನಾವು ಭಾಷಣಗಳಲ್ಲಿ ಎಷ್ಟು ಸಲ ಸ್ಮರಿಸಿಲ್ಲ! ಆದರೆ ಅದೇ ಕೆಲಸವನ್ನು ಕಲಿಯಲು ಹೊರಟವಳು ಎದುರು ಕೂತಾಗ ನಮಗೆ ವಿಮೆ ನೆನಪಾಯಿತು.

ನಗರದ ವಿಷಯವಂತೂ ನಮಗೆ ಇನ್ನೂ ಹತ್ತಿರದ್ದು. 2011ರ ಜನಗಣತಿಯಂತೆ ದೇಶದ ಒಟ್ಟು ಜನರಲ್ಲಿ ಶೇ. 31ರಷ್ಟು ಮಂದಿ ನಗರವಾಸಿಗಳಾದರೆ, ಮುಸ್ಲಿಮರಲ್ಲಿ ಅದು ಸುಮಾರು ಶೇ. 40. ಅಂದರೆ ನೀರಿನ ನಲ್ಲಿ, ಚರಂಡಿ, ಮನೆ ಹಕ್ಕುಪತ್ರ, ಬಸ್ಸು, ಸಂತೆ ಕಟ್ಟೆ, ಇವುಗಳ ತೀರ್ಮಾನ ಎಲ್ಲಿ ಆಗುತ್ತದೆಯೋ ಅಲ್ಲಿ ನಮ್ಮ ಬದುಕು ಸಿಕ್ಕಿಕೊಂಡಿದೆ. ಆ ತೀರ್ಮಾನ ಮಾಡುವ ಕೋಣೆಯಲ್ಲಿ ನಾವು ಎಷ್ಟು ಮಂದಿ ಇದ್ದೇವೆ? 2006ರ ಸಾಚಾರ್ ವರದಿ ಐಎಎಸ್‌ನಲ್ಲಿ ಮುಸ್ಲಿಮರು ಶೇ. 3, ಐಪಿಎಸ್‌ನಲ್ಲಿ ಶೇ. 4 ಎಂದು ಲೆಕ್ಕ ಕೊಟ್ಟಿತ್ತು. ಈ ಅಂಕಿಗಳನ್ನು ವೇದಿಕೆಯಲ್ಲಿ ಹೇಳಿ ಸರಕಾರವನ್ನು ದೂರುವುದು ನಮಗೆ ರೂಢಿಯಾಗಿದೆ. ಆ ದೂರಿನಲ್ಲಿ ಸತ್ಯವಿದೆ. ಆದರೆ ನಮ್ಮ ಸಮಿತಿಯ ಇಪ್ಪತ್ತು ವರ್ಷಗಳ ಪುಸ್ತಕ ತೆಗೆದು ನೋಡಿದಾಗ ಕಾನೂನು, ಆಡಳಿತ, ಅರ್ಥಶಾಸ್ತ್ರ, ನಗರ ಯೋಜನೆ ಓದಲು ನಾವು ಒಬ್ಬರಿಗೂ ಒಂದು ರೂಪಾಯಿ ಕೊಟ್ಟಿರಲಿಲ್ಲ.

ಸರಕಾರದ ಬಾಗಿಲೂ ಈ ನಡುವೆ ಕಿರಿದಾಯಿತು. ಸಾಚಾರ್ ವರದಿಯ ನಂತರ 2007-08ರಲ್ಲಿ ಅಲ್ಪಸಂಖ್ಯಾತರಿಗಾಗಿ ಆರಂಭವಾದ ಮೆರಿಟ್-ಕಮ್-ಮೀನ್ಸ್ ವೇತನದಲ್ಲಿ ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ ವರ್ಷಕ್ಕೆ ಗರಿಷ್ಠ 20,000 ರೂ. ಶುಲ್ಕ, ಹಾಸ್ಟೆಲ್‌ನಲ್ಲಿರುವವರಿಗೆ 10,000 ರೂ. ನಿರ್ವಹಣೆ ಎಂದು ನಿಗದಿಯಾಗಿತ್ತು. ಶುಲ್ಕಗಳು ಲಕ್ಷ ದಾಟಿದರೂ ಆ ಮೊತ್ತ ಮೇಲೇರಲಿಲ್ಲ. 2009ರಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಬಂತು. ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಜೈನ, ಪಾರ್ಸಿ ಸಮುದಾಯಗಳ ಎಂ.ಫಿಲ್. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ತಿಂಗಳು ತಿಂಗಳು ಹಣ ಸಿಗುವ ಯೋಜನೆ ಅದು. ಶೇ. 30 ಹೆಣ್ಣುಮಕ್ಕಳಿಗೆ ಮೀಸಲಿತ್ತು. 2022ರ ಡಿಸೆಂಬರ್‌ನಲ್ಲಿ ಆಗಿನ ಸಚಿವೆ ಸ್ಮೃತಿ ಇರಾನಿಯವರು ಅದನ್ನು ನಿಲ್ಲಿಸಿದ್ದಾಗಿ ಲೋಕಸಭೆಗೆ ತಿಳಿಸಿದರು. ಇತರ ಯೋಜನೆಗಳ ಜೊತೆ ಪುನರಾವರ್ತನೆಯಾಗುತ್ತದೆ ಎಂಬುದು ಕೊಟ್ಟ ಕಾರಣ. ಮೊದಲೇ ಆಯ್ಕೆಯಾದವರಿಗೆ ಮುಂದುವರಿಯುತ್ತದೆ ಎಂದರೂ 2025ರಲ್ಲಿ ಅವರು ತಿಂಗಳುಗಟ್ಟಲೆ ಹಣವಿಲ್ಲದೆ ಕಾದರು. ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ರಿಯಾಯಿತಿ ಕೊಡುತ್ತಿದ್ದ 'ಪಢೋ ಪರದೇಸ್' ಕೂಡ 2022-23ರಲ್ಲಿ ನಿಂತಿತು.

ಇದು ಮುಸ್ಲಿಮರದ್ದು ಮಾತ್ರವಲ್ಲದ ಕಥೆ. ದಲಿತ ವಿದ್ಯಾರ್ಥಿಗಳಿಗಾಗಿ ಇರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿ ವೇತನದ ನಿಯಮವನ್ನು 2022ರಲ್ಲಿ ಬದಲಾಯಿಸಿ, ಭಾರತದ ಸಂಸ್ಕೃತಿ, ಇತಿಹಾಸ ಮತ್ತು ಸಾಮಾಜಿಕ ಅಧ್ಯಯನದ ವಿಷಯಗಳನ್ನು ಹೊರಗಿಡಲಾಯಿತು. ಒಂದು ಶತಮಾನದ ಹಿಂದೆ, 1913ರಲ್ಲಿ, ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಒಬ್ಬ ಯುವಕನಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡ್‌ನಂತೆ ಮೂರು ವರ್ಷ ಕೊಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದರು. ಆ ಯುವಕ ಅಲ್ಲಿ ಓದಿದ್ದು ವೈದ್ಯಕೀಯವಲ್ಲ, ಇಂಜಿನಿಯರಿಂಗ್ ಅಲ್ಲ. ಬ್ರಿಟಿಷ್ ಭಾರತದ ಪ್ರಾಂತ್ಯಗಳ ಹಣಕಾಸು ಹೇಗೆ ಬೆಳೆಯಿತು ಎಂಬುದರ ಬಗ್ಗೆ ಪ್ರಬಂಧ ಬರೆದ. ಅದು ಇಂದಿನ ಮಾತಿನಲ್ಲಿ ಸಾರ್ವಜನಿಕ ನೀತಿಯೇ. ಡಾ. ಅಂಬೇಡ್ಕರ್ ಮುಂದೆ ಏನು ಮಾಡಿದರೆಂದು ಓದುಗರಿಗೆ ಹೇಳಬೇಕಾಗಿಲ್ಲ. ಬರೋಡಾದ ದರ್ಬಾರಿನಲ್ಲಿ "ಓದಿದರೆ ಕೆಲಸ ಏನು ಸಿಗುತ್ತದೆ?" ಎಂದಷ್ಟೇ ಕೇಳಿ ಅರ್ಜಿಯನ್ನು ಮುಂದಿನ ವರ್ಷಕ್ಕೆ ಹಾಕಿದ್ದರೆ?

2023ರಲ್ಲಿ ನಮ್ಮೂರಿನ ಒಬ್ಬ ಹುಡುಗ ಪಿಎಚ್.ಡಿ.ಗೆ ಫೆಲೋಶಿಪ್ ಇಲ್ಲದಾಯಿತು ಎಂದು ಬಂದಾಗ ನಮಗೆ ಹಳೆಯ ಅರ್ಜಿ ನೆನಪಾಯಿತು. ಕಪಾಟಿನಿಂದ ತೆಗೆದೆವು. ಖತೀಬರ ಬಳಿ ನಾವು ಕೇಳಿದೆವು, ಇಂಥ ಓದಿಗೆ ಝಕಾತ್ ಹಣ ಕೊಡಬಹುದೇ ಎಂದು. ಅವರೂ ಅಂದು ನಮ್ಮ ಜೊತೆ ನಕ್ಕವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಕುರ್‌ಆನ್ ಹೇಳಿದೆ. ಮೊದಲ ಎರಡು ಬಡವರು ಮತ್ತು ನಿರ್ಗತಿಕರು. ಝಕಾತ್ ಕೊಡುವುದು ಕೋರ್ಸಿಗಲ್ಲ, ಬಡವನಿಗೆ. ಅವಳು ಬಡವಳಾಗಿದ್ದಳು. ನಾವು ಕೋರ್ಸನ್ನು ನೋಡಿದೆವು."

ನಾವು ಅವಳನ್ನು ಹುಡುಕಿಕೊಂಡು ಹೋದೆವು. ಮದುವೆಯಾಗಿತ್ತು, ಒಂದು ಮಗುವಿತ್ತು, ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಈಗ ಹೋಗುವುದಾದರೆ ಪೂರ್ತಿ ಖರ್ಚು ನಮ್ಮದು ಎಂದೆವು. ಅವಳು ಸಿಟ್ಟಾಗಲಿಲ್ಲ. "ಈಗ ಆಗುವುದಿಲ್ಲ" ಎಂದಷ್ಟೇ ಹೇಳಿದಳು. ಚಹಾ ಕೊಟ್ಟಳು. ಹೊರಡುವಾಗ, "ನಿಮ್ಮ ಫಾರ್ಮ್ ಒಮ್ಮೆ ಕೊಡಿ" ಎಂದು ಕೇಳಿ ತೆಗೆದುಕೊಂಡಳು. ವಾರದ ನಂತರ ತಂದೆಯ ಕೈಯಲ್ಲಿ ಕಳಿಸಿದ ಹಾಳೆಯಲ್ಲಿ ಚೌಕಗಳೇ ಇರಲಿಲ್ಲ. 'ನೀವು ಏನು ಓದಬೇಕೆಂದಿದ್ದೀರಿ, ಯಾಕೆ?' ಎಂಬ ಪ್ರಶ್ನೆ, ಕೆಳಗೆ ಹತ್ತು ಗೆರೆ ಜಾಗ. ಮತ್ತೊಂದು ಪ್ರಶ್ನೆ: 'ಹಣ ಕಟ್ಟಲು ಕೊನೆಯ ದಿನ ಯಾವುದು?' ಇಪ್ಪತ್ತು ವರ್ಷಗಳಲ್ಲಿ ಆ ಎರಡನೇ ಪ್ರಶ್ನೆ ನಮಗೆ ಹೊಳೆದಿರಲಿಲ್ಲ.

ಜೊತೆಗೆ ಒಂದು ಪಟ್ಟಿಯೂ ಇತ್ತು. ಇತರ ಊರಿನ ಜಮಾಅತ್‌ಗಳಿಗೂ ಉಪಯೋಗವಾದೀತೆಂದು ಅದರ ಸಾರವನ್ನು ಇಲ್ಲಿ ಕೊಡುತ್ತೇವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ. ಅಝೀಮ್ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಮನೆಯ ಆದಾಯ ನೋಡಿ ಶುಲ್ಕ ರಿಯಾಯಿತಿ ಕೊಡುತ್ತಾರೆ, ಕೆಲವರಿಗೆ ಪೂರ್ತಿಯಾಗಿ. ಬೆಂಗಳೂರಿನಲ್ಲಿಯೇ ಇರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟ್ಲ್‌ಮೆಂಟ್ಸ್ 2016ರಲ್ಲಿ ನಗರ ವಿಷಯದ ಫೆಲೋಶಿಪ್ ಆರಂಭಿಸಿತು. ಪದವಿ ಮುಗಿಸಿದವರು ಸಂಸತ್ ಸದಸ್ಯರೊಬ್ಬರ ಜೊತೆ ವರ್ಷದ ಹತ್ತಿರ ಕೆಲಸ ಮಾಡಿ ಕಲಿಯುವ ಲ್ಯಾಂಪ್ ಫೆಲೋಶಿಪ್ ಅನ್ನು ಪಿಆರ್‌ಎಸ್ ಸಂಸ್ಥೆ 2010ರಿಂದ ನಡೆಸುತ್ತಿದೆ, ಅದರಲ್ಲಿ ತಿಂಗಳ ಭತ್ಯೆಯೂ ಉಂಟು. ವಿದೇಶಕ್ಕೆ ಹೋಗುವವರಿಗೆ ಬ್ರಿಟನ್ನಿನ ಚೀವ್ನಿಂಗ್ ಇದೆ. ಒಂದು ವರ್ಷದ ಓದಿನ ಪೂರ್ತಿ ಖರ್ಚು ಅವರದ್ದು, ಆದರೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿ ಬಂದು ಎರಡು ವರ್ಷ ಸ್ವದೇಶದಲ್ಲಿರಬೇಕು. ಜಮ್ಶೇದ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ದತ್ತಿ ಇಂದಿಗೂ ವಿದೇಶ ವ್ಯಾಸಂಗಕ್ಕೆ ಸಾಲರೂಪದ ವೇತನ ಕೊಡುತ್ತದೆ.

ಇವುಗಳಲ್ಲಿ ಯಾವುದೂ ಜಾತಿ, ಧರ್ಮ ಕೇಳಿ ಬಾಗಿಲು ಮುಚ್ಚುವುದಿಲ್ಲ. ಆದರೆ ಇವುಗಳಿಗೆ ಒಳ್ಳೆಯ ಇಂಗ್ಲಿಷ್ ಅರ್ಜಿ, ಕೆಲವೆಡೆ ಶಿಫಾರಸು ಪತ್ರ, ಸಂದರ್ಶನಕ್ಕೆ ಹೋಗಿಬರುವ ಖರ್ಚು, ಮೊದಲ ಕಂತಿನ ಹಣ ಬೇಕಾಗಬಹುದು. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಈ ಸಣ್ಣ ಮೆಟ್ಟಿಲುಗಳಲ್ಲಿ. ಒಂದು ಜಮಾಅತ್‌ಗೆ ಎರಡು ವರ್ಷದ ಪೂರ್ತಿ ಶುಲ್ಕ ಭಾರವಾಗಬಹುದು. ಆದರೆ ಈ ಮೆಟ್ಟಿಲುಗಳಿಗೆ ಒಂದು ಹಲಗೆ ಇಡುವುದು ಎಂಥ ಬಡ ಮಸೀದಿಗೂ ಸಾಧ್ಯ.

2024ರಿಂದ ನಾವು ಹೊಸ ನಮೂನೆ ಬಳಸುತ್ತಿದ್ದೇವೆ. ಒಬ್ಬ ಹುಡುಗ ನಗರ ಯೋಜನೆ ಓದುತ್ತಿದ್ದಾನೆ, ಒಬ್ಬಳು ಹುಡುಗಿ ಕಾನೂನು ಓದುತ್ತಿದ್ದಾಳೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಬಸ್ ನಿಲ್ದಾಣದ ಹತ್ತಿರ ಆ ಹಣ್ಣಿನ ಗಾಡಿ ಈಗಲೂ ನಿಲ್ಲುತ್ತದೆ. ಹಣ್ಣು ಕೊಳ್ಳುವಾಗ ಅವರು ಸಲಾಂ ಹೇಳುತ್ತಾರೆ, ತೂಕದಲ್ಲಿ ಒಂದು ಹೆಚ್ಚೇ ಹಾಕುತ್ತಾರೆ. ನಮಗೆ ಮುಖ ಎತ್ತಿ ನೋಡುವುದು ಕಷ್ಟವಾಗುತ್ತದೆ. ಈ ಬರಹ ಓದುವ ಇತರ ಊರುಗಳ ಸಮಿತಿಯವರಲ್ಲಿ ನಮ್ಮ ಬಿನ್ನಹ ಇಷ್ಟೇ: ನಿಮ್ಮ ಎದುರು ಕೂತ ಮಗು ನಿಮಗೆ ಗೊತ್ತಿಲ್ಲದ ಓದಿನ ಹೆಸರು ಹೇಳಿದರೆ ನಗಬೇಡಿ. ಗೊತ್ತಿಲ್ಲ, ಹೇಳಿಕೊಡು ಎನ್ನಿ. ನಂತರ ಕೊನೆಯ ದಿನ ಯಾವುದು ಎಂದು ಕೇಳಿ.